ಅವರೆ ಬಿತ್ತೋದು ಯಾವಾಗ, ಸಸಿ ನೆಡೋದು ಯಾವಾಗ: ಬೀಜದಿಂದ ಚಪ್ಪರದವರೆಗೆ

ಅವರೆ ಬಳ್ಳಿ ಚಪ್ಪರ ತುಂಬ ಹಬ್ಬಿದೆ. ಎಲೆ ಅಂಗೈ ಅಗಲ ಇದೆ. ಆದರೆ ಒಂದು ಹೂವೂ ಇಲ್ಲ. ಆಗಸ್ಟ್-ಸೆಪ್ಟೆಂಬರ್ ಬಂತೆಂದರೆ ಮನೆ ತೋಟದವರ ಮಾಮೂಲಿ ದೂರು ಇದು. ಗೊಬ್ಬರ ಸಾಲಲಿಲ್ಲವಾ, ನೀರು ಜಾಸ್ತಿ ಆಯ್ತಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಕೆಲವರು ಬೇಜಾರಾಗಿ ಕಿತ್ತೇ ಹಾಕುತ್ತಾರೆ. ಬಹಳ ಸಲ ಬಳ್ಳಿಗೆ ಯಾವ ರೋಗವೂ ಇರುವುದಿಲ್ಲ. ಹಗಲು ಚಿಕ್ಕದಾಗಲಿ ಅಂತ ಕಾಯುತ್ತಿರುತ್ತದೆ, ಅಷ್ಟೇ.

ಟೊಮೆಟೊ, ಬೆಂಡೆಗೆ ಬಿತ್ತಿದ ದಿನದಿಂದ ಇಷ್ಟು ದಿನಕ್ಕೆ ಕಾಯಿ ಅಂತ ಲೆಕ್ಕ ಹಾಕಬಹುದು. ಹಳೆಯ ಅವರೆ ತಳಿಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಾಗಾಗಿ "ಅವರೆ ಯಾವಾಗ ಹಾಕಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಬೀಜ ಇಟ್ಟುಕೊಂಡಿದ್ದೀರಿ?

ಕೈಯಲ್ಲಿರುವ ಬೀಜ ಯಾವ ಬಗೆಯದು?

ಅವರೆಯಲ್ಲಿ ಬಿತ್ತನೆಗೆ ಸಂಬಂಧಪಟ್ಟಂತೆ ಎರಡು ಬಗೆ.

ಒಂದು, ನಾಟಿ ಅವರೆ. ಅಜ್ಜಿ ಡಬ್ಬದಲ್ಲಿ ಇಟ್ಟುಕೊಂಡು ಬಂದದ್ದು, ಹಳ್ಳಿಯಿಂದ ನೆಂಟರು ಕೊಟ್ಟದ್ದು, ರಾಗಿ ಹೊಲದ ಸಾಲಿನದ್ದು, ಹಳೆಯ ಚಪ್ಪರದವರೆ. ಇವುಗಳಲ್ಲಿ ಹೆಚ್ಚಿನವು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ. ನಿಜವಾಗಿ ಗಿಡ ಅಳೆಯುವುದು ರಾತ್ರಿಯ ಉದ್ದವನ್ನು. ಬೆಂಗಳೂರಿನಲ್ಲಿ ಜೂನ್ 21ರ ಆಸುಪಾಸು ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ 21ಕ್ಕೆ ಅದು 11 ಗಂಟೆ 20 ನಿಮಿಷದ ಹತ್ತಿರ ಇಳಿಯುತ್ತದೆ. ನಮಗೆ ಗೊತ್ತೇ ಆಗದ ಈ ಒಂದೂವರೆ ಗಂಟೆ ವ್ಯತ್ಯಾಸ ಅವರೆ ಬಳ್ಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸೆಪ್ಟೆಂಬರ್ ಕೊನೆ ದಾಟಿ ರಾತ್ರಿ ಉದ್ದವಾಗುತ್ತಾ ಹೋದಂತೆ ಮೊಗ್ಗು ಶುರು. ಅಕ್ಟೋಬರ್-ನವೆಂಬರ್‌ನಲ್ಲಿ ಹೂ, ಡಿಸೆಂಬರ್-ಜನವರಿಯಲ್ಲಿ ಕಾಯಿ.

ಎರಡನೆಯದು, ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳದ ತಳಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಇಂಥವು. ರೈತರ ಬಾಯಲ್ಲಿ ಎಚ್‌ಎ-3, ಎಚ್‌ಎ-4. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಇದೇ ಗುಂಪು. ಇವೆಲ್ಲ ಗಿಡ್ಡ ಗಿಡಗಳು, ಚಪ್ಪರ ಬೇಡ. ಬಿತ್ತಿದ ಒಂದೂವರೆ ತಿಂಗಳಿಗೆ ಹೂ ಕಾಣುತ್ತದೆ, ಎರಡೂಕಾಲು-ಎರಡೂವರೆ ತಿಂಗಳಿಗೆ ಹಸಿ ಕಾಯಿ ಕೊಯ್ಯಬಹುದು. ಬೇಸಿಗೆಯಲ್ಲೂ ಅವರೆಕಾಯಿ ಮಾರುಕಟ್ಟೆಗೆ ಬರುತ್ತಿದೆ ಅಂದರೆ ಅದಕ್ಕೆ ಈ ತಳಿಗಳೇ ಕಾರಣ.

ಬೀಜ ನೋಡಿ ಯಾವ ಬಗೆ ಅಂತ ಹೇಳುವುದು ಕಷ್ಟ. ಕೊಟ್ಟವರನ್ನೇ ಕೇಳಿ: "ನಿಮ್ಮಲ್ಲಿ ಇದು ಯಾವ ತಿಂಗಳು ಹೂ ಬಿಡುತ್ತೆ?" ಚಳಿಗಾಲದಲ್ಲಿ ಮಾತ್ರ ಅಂದರೆ ನಾಟಿ. ಯಾವಾಗ ಹಾಕಿದರೂ ಬಿಡುತ್ತೆ ಅಂದರೆ ಎರಡನೆಯದು. ಪೊಟ್ಟಣದ ಬೀಜವಾದರೆ ತಳಿಯ ಹೆಸರು ಬರೆದಿರುತ್ತದೆ. ಬರೀ "ಅವರೆ" ಅಂತಷ್ಟೇ ಬರೆದ ಪೊಟ್ಟಣಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.

ನಾಟಿ ಅವರೆ: ಜೂನ್ ಕೊನೆಯಿಂದ ಆಗಸ್ಟ್

ಹಳೆ ಮೈಸೂರು ಕಡೆ, ಅಂದರೆ ಬೆಂಗಳೂರು, ಕೋಲಾರ, ತುಮಕೂರು, ರಾಮನಗರ, ಮಂಡ್ಯ, ಮೈಸೂರು, ಹಾಸನದ ಬಯಲಿನಲ್ಲಿ, ಅವರೆ ರಾಗಿಯ ಜೊತೆಗಾರ. ರಾಗಿ ಬಿತ್ತುವಾಗಲೇ ಆರೆಂಟು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ಆರಿದ್ರ ಮಳೆಯಿಂದ ಪುಷ್ಯ ಮಳೆಯವರೆಗೆ, ಅಂದರೆ ಜೂನ್ 22ರ ಸುಮಾರಿನಿಂದ ಆಗಸ್ಟ್ ಮೊದಲ ವಾರದ ತನಕ ಈ ಕೆಲಸ. ರಾಗಿ ಎತ್ತರವಾಗುವಾಗ ಅವರೆ ಸುಮ್ನೆ ಸೊಪ್ಪು ಬಿಟ್ಟುಕೊಂಡು ಬೇರು ಇಳಿಸುತ್ತದೆ. ರಾಗಿ ಕೊಯ್ಲಾಗುವ ಹೊತ್ತಿಗೆ ಹೊಲದಲ್ಲಿ ಜಾಗವೂ ಬೆಳಕೂ ಸಿಗುತ್ತದೆ, ಅಷ್ಟರಲ್ಲಿ ಹೂವಿನ ಕಾಲವೂ ಬಂದಿರುತ್ತದೆ. ಹಿಂದಿನವರು ಗಡಿಯಾರ ಹಿಡಿದು ಹಗಲು ಅಳೆಯಲಿಲ್ಲ. ಆದರೂ ಲೆಕ್ಕ ಸರಿಯಾಗಿದೆ, ಅಲ್ವಾ?

ಮನೆಯಲ್ಲಿ ಚಪ್ಪರಕ್ಕೆ ಹಾಕುವವರು ಜೂನ್ ಕೊನೆ ಅಥವಾ ಜುಲೈ ಇಟ್ಟುಕೊಳ್ಳಿ. ಬಳ್ಳಿಗೆ ಮೂರು ತಿಂಗಳು ಬೆಳೆಯಲು ಸಿಗುತ್ತದೆ, ಚಪ್ಪರ ತುಂಬುತ್ತದೆ, ಹೂ ಬರುವಾಗ ಕೊಂಬೆಗಳು ಸಾಕಷ್ಟು ಇರುತ್ತವೆ.

ಮೊದಲೇ ಹಾಕಿದರೆ? ಮಾರ್ಚ್-ಏಪ್ರಿಲ್‌ನಲ್ಲಿ ನಾಟಿ ಬೀಜ ಹಾಕಿದರೆ ಬೇಸಿಗೆಯುದ್ದಕ್ಕೂ ನೀರು ಹೊಯ್ದು, ಮಳೆಗಾಲದಲ್ಲಿ ಬಳ್ಳಿಗೆ ಹತ್ತುವ ಹೇನು ಓಡಿಸಿ, ಕೊನೆಗೆ ಕಾಯಿ ಸಿಗುವುದು ಜುಲೈನಲ್ಲಿ ಹಾಕಿದವರ ಜೊತೆಗೇ. ಲಾಭ ಏನೂ ಇಲ್ಲ. ಬಳ್ಳಿ ಪಕ್ಕದ ಮನೆ ಕಾಂಪೌಂಡ್ ಹತ್ತಿರುತ್ತದೆ, ಅಷ್ಟೇ.

ತಡವಾದರೆ? ಸೆಪ್ಟೆಂಬರ್ ಮಧ್ಯದಲ್ಲಿ ಬಿತ್ತಿದ ನಾಟಿ ಅವರೆಯೂ ಹೂ ಬಿಡುತ್ತದೆ. ಆದರೆ ಗಿಡ ಮೊಳಕಾಲೆತ್ತರ ಇರುವಾಗಲೇ ಹೂವಿನ ಕಡೆ ತಿರುಗಿಬಿಡುತ್ತದೆ. ಒಂದೊಂದು ಗಿಡದಲ್ಲಿ ಕಾಯಿ ಕಡಿಮೆ. ಇದಕ್ಕೆ ಉಪಾಯ ಹತ್ತಿರ ಹತ್ತಿರ ಬಿತ್ತುವುದು. ಜುಲೈನಲ್ಲಿ ಮೂರು ಅಡಿಗೆ ಒಂದು ಗುಣಿ ಸಾಕು ಅಂದುಕೊಂಡರೆ, ಸೆಪ್ಟೆಂಬರ್‌ನಲ್ಲಿ ಒಂದು ಅಡಿಗೆ ಒಂದು ಹಾಕಿ. ಚಪ್ಪರದ ಬದಲು ನಾಲ್ಕಡಿ ಗೂಟ ಸಾಕಾಗುತ್ತದೆ. ಅಕ್ಟೋಬರ್ ದಾಟಿದ ಮೇಲೆ ನಾಟಿ ಬೀಜ ಎತ್ತಿಟ್ಟು ಎಚ್‌ಎ-4 ಹುಡುಕುವುದೇ ಒಳ್ಳೆಯದು.

ಇನ್ನೊಂದು ವಿಷಯ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಸೇವಂತಿಗೆಯೂ ಉದ್ದ ರಾತ್ರಿ ಬೇಡುವ ಗಿಡ. ಬೆಳಕು ಕೊಟ್ಟು ರಾತ್ರಿಯನ್ನು ಮುರಿದರೆ ಹೂ ತಡವಾಗುತ್ತದೆ, ಗಿಡ ಬೆಳೆಯುತ್ತದೆ. ಅಲ್ಲಿ ರೈತರು ಬೇಕಂತಲೇ ಮಾಡುವುದನ್ನು ನಿಮ್ಮ ಮನೆ ಮುಂದಿನ ಬೀದಿ ದೀಪ ನಿಮ್ಮ ಅವರೆಗೆ ಸುಮ್ನೆ ಮಾಡಿಬಿಡಬಹುದು. ಟೆರೇಸಿನಲ್ಲಿ ರಾತ್ರಿಯಿಡೀ ಲೈಟ್ ಉರಿಯುವ ಮೂಲೆ, ಬೀದಿ ದೀಪದ ಎದುರಿನ ಗೋಡೆ, ಇವು ನಾಟಿ ಅವರೆಗೆ ಬೇಡ. ಕತ್ತಲಿರುವ ಬದಿ ನೋಡಿ ಜಾಗ ಕೊಡಿ.

ಎಲ್ಲ ಕಾಲದ ತಳಿ: ಹಿಂದಕ್ಕೆ ಎಣಿಸಿ

ಎಚ್‌ಎ-4, ಅರ್ಕಾ ಜಯ್ ಥರದ್ದಕ್ಕೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿದರೆ ಸಾಕು. ಸಂಕ್ರಾಂತಿಗೆ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ ತಟ್ಟೆಯಲ್ಲಿರಬೇಕು ಅನ್ನಿ. ಜನವರಿ 14ರಿಂದ 75 ದಿನ ಹಿಂದೆ ಹೋದರೆ ಅಕ್ಟೋಬರ್ ಕೊನೆ. ಚಳಿಯಲ್ಲಿ ಬೆಳವಣಿಗೆ ಸ್ವಲ್ಪ ನಿಧಾನ. ಹಾಗಾಗಿ ಒಂದು ವಾರ ಮೊದಲು, ಅಂದರೆ ಅಕ್ಟೋಬರ್ 20-25ಕ್ಕೆ ಬಿತ್ತಿ.

ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಗಿಡ್ಡ ತಳಿಗಳು ಒಟ್ಟಿಗೆ ಹೂ ಬಿಟ್ಟು ಎರಡು-ಮೂರು ಕೊಯ್ಲಿನಲ್ಲಿ ಮುಗಿದುಹೋಗುತ್ತವೆ. ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಒಂದು ಸಾಲು ಅಥವಾ ನಾಲ್ಕು ಕುಂಡ ಹಾಕಿದರೆ ಮೂರು ತಿಂಗಳು ಅಡುಗೆಮನೆಗೆ ಕಾಯಿ ಬರುತ್ತಿರುತ್ತದೆ.

ಯಾವಾಗ ಬೇಕಾದರೂ ಬಿತ್ತಬಹುದು ಅಂದ ಮಾತ್ರಕ್ಕೆ ಎಲ್ಲ ತಿಂಗಳೂ ಒಂದೇ ಅಲ್ಲ. ಹೂವಿನ ಸಮಯಕ್ಕೆ ಏಪ್ರಿಲ್-ಮೇ ಬಿಸಿಲು ಸಿಕ್ಕಿದರೆ ಹೂ ಉದುರುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿನಲ್ಲಂತೂ ಹೇಳುವುದೇ ಬೇಡ. ಅಲ್ಲಿನವರು ಜನವರಿ ದಾಟಿದ ಮೇಲೆ ಬಿತ್ತದಿರುವುದು ಒಳ್ಳೆಯದು. ಬೆಂಗಳೂರು, ಮೈಸೂರಿನವರು ಜನವರಿ ಮೊದಲಿಗೆ ಬಿತ್ತಿದರೆ ಮಾರ್ಚ್‌ನಲ್ಲಿ ಕಾಯಿ ಕೊಯ್ದು ಮುಗಿಸಬಹುದು.

ಕರಾವಳಿ ಮತ್ತು ಮಲೆನಾಡಿನ ಕಥೆ ಬೇರೆ. ಜೂನ್-ಜುಲೈ ಮಳೆಯಲ್ಲಿ ಅವರೆ ಬೀಜ ಹಾಕಿದರೆ ಮಣ್ಣಲ್ಲೇ ಕೊಳೆಯುತ್ತದೆ. ಅವರೆಗೆ ಒದ್ದೆ ಕಾಲು ಆಗುವುದಿಲ್ಲ. ಅಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಮಳೆ ಬಿಡುವು ಕೊಟ್ಟಾಗ ಏರುಮಡಿಯ ಮೇಲೆ ಹಾಕಿ. ನಾಟಿ ತಳಿಗೂ ಹೂವಿಗೆ ಮೊದಲು ಒಂದಿಷ್ಟು ಬೆಳೆಯಲು ಸಮಯ ಸಿಗುತ್ತದೆ. ಅಷ್ಟು ಕಾಯಲಾಗದವರು ಸೂರಿನ ಕೆಳಗೆ ಪೇಪರ್ ಕಪ್ಪುಗಳಲ್ಲಿ ಸಸಿ ಮಾಡಿಟ್ಟುಕೊಳ್ಳಬಹುದು. ಅದರ ಮಾತು ಮುಂದಿದೆ.

ಬೀಜ ಮೊಳೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ

ಕಿರಾಣಿ ಅಂಗಡಿಯ ಒಣ ಅವರೆ ಕಾಳು ಬಿತ್ತಬಹುದಾ? ಮೊಳೆತರೂ ಮೊಳೆಯಬಹುದು. ಆದರೆ ಯಾವ ತಳಿ, ಎಷ್ಟು ಹಳೆಯದು ಗೊತ್ತಿಲ್ಲ, ಒಳಗೆ ಹುಳು ಇರುವುದೂ ಉಂಟು. ರೈತ ಸಂಪರ್ಕ ಕೇಂದ್ರದಲ್ಲಿ, ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳದಲ್ಲಿ, ಹೆಸರಘಟ್ಟದ ಸಂಸ್ಥೆಯ ಬೀಜ ಮಾರಾಟದಲ್ಲಿ ವಿಚಾರಿಸಿದರೆ ಹೆಸರು ಗೊತ್ತಿರುವ ಬೀಜ ಸಿಗುತ್ತದೆ.

ಯಾವ ಬೀಜವಾದರೂ ಹತ್ತು ಕಾಳು ಎತ್ತಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ನಾಲ್ಕೈದು ದಿನಕ್ಕೆ ಎಂಟು ಮೊಳೆತರೆ ಬೀಜ ಚೆನ್ನಾಗಿದೆ. ಐದಾರು ಮೊಳೆತರೆ ಗುಣಿಗೆ ಒಂದು ಕಾಳು ಜಾಸ್ತಿ ಹಾಕಿ. ಅದಕ್ಕಿಂತ ಕಡಿಮೆಯಾದರೆ ಸಾರು ಮಾಡಿ, ಬೇರೆ ಬೀಜ ತನ್ನಿ.

ಬಿತ್ತುವ ದಿನ

ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನೀರು ನಿಲ್ಲಬಾರದು. ಮಣ್ಣು ಕೆಂಪಾದರೂ ಆದೀತು, ಕಪ್ಪಾದರೂ ಆದೀತು.

ಚಪ್ಪರಕ್ಕಾದರೆ ಒಂದಡಿ ಉದ್ದ, ಅಗಲ, ಆಳದ ಗುಣಿ ತೋಡಿ. ಗುಣಿಯಿಂದ ಗುಣಿಗೆ ಮೂರಡಿ, ಸಾಲಿನಿಂದ ಸಾಲಿಗೆ ಐದಾರು ಅಡಿ. ತೆಗೆದ ಮಣ್ಣಿಗೆ ಎರಡು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಇದನ್ನು ಬಿತ್ತನೆಗೆ ಒಂದು ವಾರ ಮೊದಲೇ ಮಾಡಿ ಒಂದು ಮಳೆ ಬೀಳಲು ಬಿಡಿ. ಗಿಡ್ಡ ತಳಿಗೆ ಗುಣಿ ಬೇಡ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ ಸಾಕು.

ಟೆರೇಸಿನವರಿಗೆ: ಗಿಡ್ಡ ತಳಿ ಒಂದಕ್ಕೆ ಹತ್ತು-ಹನ್ನೆರಡು ಲೀಟರಿನ ಕುಂಡ, ಬಳ್ಳಿಗೆ ಇಪ್ಪತ್ತೈದು ಲೀಟರಿನ ಗ್ರೋ ಬ್ಯಾಗ್. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಚಿಕ್ಕ ಕುಂಡದಲ್ಲಿ ಬಳ್ಳಿ ಹಾಕಿದರೆ ಹೂವಿನ ಹೊತ್ತಿಗೆ ದಿನಕ್ಕೆರಡು ಸಲ ನೀರು ಕೊಡುತ್ತಾ ಕೂರಬೇಕಾಗುತ್ತದೆ.

ಯೂರಿಯಾ ಕಡೆ ಕೈ ಹೋಗದಿರಲಿ. ಅವರೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಮೇಲೆ ನಾವೂ ಸುರಿದರೆ ಬರೀ ಸೊಪ್ಪು ಬರುತ್ತದೆ. ಹೊಸ ಜಾಗ ಅಥವಾ ಹೊಸ ಕುಂಡದ ಮಣ್ಣಾದರೆ ಆ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪುಡಿ ತಂದು, ತಣ್ಣಗಿನ ತೆಳು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿ. ಹಿಂದೆ ಅವರೆಯೋ ಅಲಸಂದೆಯೋ ಬೆಳೆದ ನೆಲಕ್ಕೆ ಇದು ಅಷ್ಟೇನೂ ಬೇಕಿಲ್ಲ.

ಬೀಜ ನೆನೆಸಬೇಕಾ? ಮಳೆಗಾಲದಲ್ಲಿ ಬೇಡ, ಒಣ ಬೀಜವನ್ನೇ ಹಾಕಿ. ಬೇಸಿಗೆಯಲ್ಲಿ ನಾಲ್ಕು ಗಂಟೆ ನೆನೆಸಿದರೆ ಸಾಕು. ಹಿದಕಿದ ಬೇಳೆಗೆ ನೆನೆಸಿದ ಹಾಗೆ ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಬಿರಿದು ಬೇಳೆ ಕೊಳೆಯುವ ಸಾಧ್ಯತೆ ಜಾಸ್ತಿ.

ಬೆರಳಿನ ಒಂದೂವರೆ ಗೆಣ್ಣಿನಷ್ಟು, ಅಂದರೆ ಮೂರು-ನಾಲ್ಕು ಸೆಂಟಿಮೀಟರ್ ಆಳಕ್ಕೆ ಬೀಜವನ್ನು ಮಲಗಿಸಿ. ಗುಣಿಗೆ ಮೂರು ಕಾಳು. ಅವರೆಯ ಎರಡೂ ಬೇಳೆಗಳು ಮಣ್ಣನ್ನು ಸೀಳಿಕೊಂಡು ಮೇಲೆದ್ದು ಬರುತ್ತವೆ. ಆದ್ದರಿಂದ ಮೇಲಿನ ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಮೊಳಕೆಯ ಕುತ್ತಿಗೆ ಮುರಿಯುತ್ತದೆ. ಕೆಂಪು ಮಣ್ಣಿನಲ್ಲಿ ಬಿತ್ತಿದ ಮಾರನೆ ದಿನ ಜೋರು ಮಳೆ, ಆಮೇಲೆ ಎರಡು ದಿನ ಬಿಸಿಲು ಬಂದರೆ ಇದೇ ಆಗುವುದು. ಬೀಜದ ಮೇಲೆ ಮಣ್ಣಿನ ಬದಲು ಪುಡಿ ಗೊಬ್ಬರ ಮುಚ್ಚಿದರೆ ಈ ತಾಪತ್ರಯ ಇಲ್ಲ.

ಐದರಿಂದ ಏಳು ದಿನಕ್ಕೆ ಮೊಳಕೆ. ಒಂದು ಗೇಣು ಬಂದ ಮೇಲೆ ಗುಣಿಗೆ ಗಟ್ಟಿಯಾದ ಎರಡು ಸಸಿ ಬಿಟ್ಟು ಉಳಿದದ್ದನ್ನು ಕತ್ತರಿಯಲ್ಲಿ ಕತ್ತರಿಸಿ. ಎಳೆದು ಕಿತ್ತರೆ ಪಕ್ಕದ್ದರ ಬೇರೂ ಅಲುಗಾಡುತ್ತದೆ.

ಸಸಿ ಮಾಡಿ ನೆಡುವುದಾದರೆ

ಅವರೆಗೆ ನೇರ ಬಿತ್ತನೆಯೇ ಹಿತ. ತಾಯಿಬೇರು ಬೇಗ ಆಳಕ್ಕೆ ಇಳಿಯುತ್ತದೆ, ಅದನ್ನು ಕದಲಿಸಿದರೆ ಗಿಡ ಮಂಕಾಗುತ್ತದೆ. ಆದರೂ ಕೆಲವು ಸಲ ಸಸಿ ಮಾಡಲೇಬೇಕು. ಮಳೆ ಬಿಡದ ಊರಿನಲ್ಲಿ, ಇಲಿ-ಅಳಿಲು ಬೀಜ ಎತ್ತಿಕೊಂಡು ಹೋಗುವ ಜಾಗದಲ್ಲಿ, ಬಸವನಹುಳು ಮೊಳಕೆ ಮೇಯುವ ತೋಟದಲ್ಲಿ, ಇಲ್ಲವೇ ಕೈಯಲ್ಲಿ ಅಪರೂಪದ ನಾಲ್ಕೇ ಬೀಜ ಇರುವಾಗ.

ಪೇಪರ್ ಕಪ್, ತೂತು ಮಾಡಿದ ಎಳನೀರು ಚಿಪ್ಪು, ಅಡಿಕೆ ಹಾಳೆ ಸುತ್ತಿ ಮಾಡಿದ ಕೊಳವೆ, ಯಾವುದಾದರೂ ಸರಿ. ನಾಲ್ಕಿಂಚು ಆಳ ಇರಲಿ. ಒಂದಕ್ಕೆ ಒಂದೇ ಬೀಜ. ಟ್ರೇಯ ಚಿಕ್ಕ ಗುಳಿಗಳಲ್ಲಿ ಹಾಕಿದರೆ ಒಂದೇ ವಾರಕ್ಕೆ ಬೇರು ಸುತ್ತಿಕೊಳ್ಳುತ್ತದೆ.

ನೆಡುವ ಸಮಯ ಇಲ್ಲಿ ಮುಖ್ಯ. ಬಿತ್ತಿದ 12ರಿಂದ 15 ದಿನದೊಳಗೆ ನೆಟ್ಟುಬಿಡಿ. ಮೊದಲ ಜೋಡಿ ಎಲೆ ಪೂರ್ತಿ ಬಿಚ್ಚಿ, ಮೂರೆಸಳಿನ ಮೊದಲ ಎಲೆ ಮೂಡುತ್ತಿರುವಾಗ ಸರಿಯಾದ ಹದ. ಸುಳಿ ಬಳ್ಳಿಯಂತೆ ಚಾಚಿ ಪಕ್ಕದ ಸಸಿಗೆ ಸುತ್ತಿಕೊಂಡಿದ್ದರೆ ತಡವಾಯಿತು ಅಂತ ಅರ್ಥ. ನೆರಳಲ್ಲಿದ್ದ ಸಸಿಯನ್ನು ಮೂರ್ನಾಲ್ಕು ದಿನ ಬೆಳಗಿನ ಬಿಸಿಲಿಗೆ ಇಟ್ಟು ಅಭ್ಯಾಸ ಮಾಡಿಸಿ. ಸಂಜೆ ಐದರ ಮೇಲೆ, ಮೋಡದ ದಿನವಾದರೆ ಇನ್ನೂ ಒಳ್ಳೆಯದು, ಕಪ್ಪಿನ ತಳ ಹರಿದು ಮಣ್ಣಿನ ಹೆಂಟೆ ಒಡೆಯದಂತೆ ಗುಣಿಗೆ ಇಳಿಸಿ. ಕಪ್ಪಿನಲ್ಲಿದ್ದಷ್ಟೇ ಆಳಕ್ಕೆ ನೆಡಿ. ನೀರು ಕೊಟ್ಟು, ಎರಡು ದಿನ ಹೊಂಗೆ ಸೊಪ್ಪಿನದ್ದೋ ತೆಂಗಿನ ಗರಿಯದ್ದೋ ನೆರಳು ಮಾಡಿ.

ಒಂದು ತಿಂಗಳು ದಾಟಿದ ಸಸಿ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ಈಗ ಬಿತ್ತಿದ ಬೀಜ ಅದನ್ನು ಹಿಂದೆ ಹಾಕುತ್ತದೆ.

ಚಪ್ಪರ ಮತ್ತು ಸುಳಿ ಚಿವುಟುವುದು

ಚಪ್ಪರ ಬಿತ್ತನೆಗೆ ಮೊದಲೇ ಎದ್ದಿರಲಿ. ಬಳ್ಳಿ ಬಂದ ಮೇಲೆ ಗೂಟ ಹೊಡೆಯಹೋದರೆ ಬೇರಿಗೇ ಹೊಡೆತ. ಆರಡಿ ಎತ್ತರದ ಕಲ್ಲು ಕಂಬವೋ ಬಿದಿರು ಗಳವೋ ನಿಲ್ಲಿಸಿ, ಮೇಲೆ ಅಡಿಕೆ ದಬ್ಬೆ ಅಥವಾ ತಂತಿ ಹಾಯಿಸಿ. ಕೈ ಎತ್ತಿದರೆ ಕಾಯಿ ಸಿಗಬೇಕು, ಅದಕ್ಕಿಂತ ಎತ್ತರ ಬೇಡ. ಮಳೆಯಲ್ಲಿ ನೆನೆದ ಬಳ್ಳಿ ಭಾರವಾಗಿರುತ್ತದೆ, ಗಾಳಿಗೆ ಸುತಲಿ ದಾರದ ಚಪ್ಪರ ಕುಸಿಯುತ್ತದೆ. ಟೆರೇಸಿನಲ್ಲಿ ಗೋಡೆಗೆ ಒರಗಿಸಿದ ಏಣಿಯಂಥ ಚೌಕಟ್ಟು ಸಾಕು.

ಬಳ್ಳಿ ಚಪ್ಪರದ ಮಟ್ಟ ಮುಟ್ಟಿದಾಗ ಸುಳಿ ಚಿವುಟಿ. ಪಕ್ಕದ ಕವಲು ಒಡೆಯುತ್ತವೆ, ಹೂ ಬರುವುದು ಆ ಕವಲುಗಳಲ್ಲಿ ಜಾಸ್ತಿ. ಸೆಪ್ಟೆಂಬರ್ ಹೊತ್ತಿಗೆ ಬಳ್ಳಿ ತೀರಾ ದಟ್ಟವಾಗಿದ್ದರೆ ಒಳಗಿನ ಹಳೆಯ ಎಲೆಗಳನ್ನು ಬಿಡಿಸಿ ಗಾಳಿಯಾಡುವಂತೆ ಮಾಡಿ. ಅಕ್ಟೋಬರ್ ಬಂದ ಮೇಲೆ ಕತ್ತರಿ ಮುಟ್ಟಬೇಡಿ. ಕತ್ತರಿಸುವ ತುದಿಯಲ್ಲೇ ಮೊಗ್ಗು ಕೂತಿರುತ್ತದೆ.

ಹೂವಿನ ಕಾಲದ ಎಚ್ಚರ

ಹೂ ಬಿಟ್ಟಾಗ ಮಣ್ಣು ಒಣಗಲೂಬಾರದು, ಕೆಸರೂ ಆಗಬಾರದು. ಮಳೆಯಾಶ್ರಿತ ಹೊಲದಲ್ಲಿ ಇದು ನಮ್ಮ ಕೈಯಲ್ಲಿಲ್ಲ, ಮನೆಯಲ್ಲಿ ಇದೆ. ಹೂಗೊನೆಗೆ ನೀರು ಎರಚದೆ ಬುಡಕ್ಕೆ ಕೊಡಿ. ಅಕ್ಟೋಬರ್‌ನ ಹಸ್ತ, ಚಿತ್ತೆ ಮಳೆ ಜೋರಾದರೆ ಮೊದಲ ಹೂಗಳು ಉದುರುತ್ತವೆ. ಗಾಬರಿ ಬೇಡ, ನಾಟಿ ಬಳ್ಳಿ ವಾರಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಒಟ್ಟಿಗೆ ಹೂ ಬಿಡುವ ಗಿಡ್ಡ ತಳಿಗೆ ಮಾತ್ರ ಅದು ನಿಜವಾದ ನಷ್ಟ.

ಕೀಟಗಳಲ್ಲಿ ಮೊದಲು ಬರುವುದು ಕಪ್ಪು ಹೇನು. ಎಳೆ ಸುಳಿ, ಹೂಗೊನೆಯ ಮೇಲೆ ಕಿಕ್ಕಿರಿದು ಕೂರುತ್ತದೆ. ಇರುವೆ ಬಳ್ಳಿ ಹತ್ತುತ್ತಿದ್ದರೆ ಮೇಲೆ ಹೇನಿದೆ ಅಂತಲೇ ಲೆಕ್ಕ. ಎರಡು ದಿನ ಬೆಳಗ್ಗೆ ನೀರಿನ ರಭಸಕ್ಕೆ ತೊಳೆದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕರಗಿಸಿ ಸಂಜೆ ಸಿಂಪಡಿಸಿ. ಬೆಳಗ್ಗೆ ಹೂವಿನ ಮೇಲೆ ಜೇನ್ನೊಣ ಇರುತ್ತದೆ, ಆಗ ಬೇಡ.

ಕಾಯಿ ಕೊರೆಯುವ ಹುಳು ದೊಡ್ಡ ತಲೆನೋವು. ಹೂ, ಎಳೆ ಕಾಯಿ ಎರಡನ್ನೂ ತಿನ್ನುತ್ತದೆ. ಮೋಡ ಕವಿದ ದಿನಗಳು ಒಂದೇ ಸಮ ಮುಂದುವರಿದರೆ ದಿನಾ ಗೊನೆಗಳನ್ನು ತಿರುಗಿಸಿ ನೋಡಿ. ನಾಲ್ಕಾರು ಬಳ್ಳಿಯಾದರೆ ಕೈಯಲ್ಲೇ ಆರಿಸಿ ತೆಗೆಯಬಹುದು. ಬೇವಿನ ಕಷಾಯವನ್ನು ಹುಳು ಕಾಯಿಯೊಳಗೆ ಹೋಗುವ ಮೊದಲು, ಮೊಗ್ಗು ಕಂಡಾಗಲೇ ಹೊಡೆಯಬೇಕು. ಒಳಗೆ ಸೇರಿದ ಮೇಲೆ ಏನು ಹೊಡೆದರೂ ತಾಗುವುದಿಲ್ಲ.

ಎಲೆಯಲ್ಲಿ ಹಳದಿ-ಹಸಿರು ತೇಪೆ ಕಂಡರೆ ಅದು ಬಿಳಿನೊಣ ಹರಡುವ ಹಳದಿ ನಂಜಾಣು ರೋಗ. ಔಷಧಿ ಇಲ್ಲ. ಆ ಗಿಡ ಕಿತ್ತು ದೂರ ಹಾಕಿ.

ಯಾವಾಗ ಕೊಯ್ಯುವುದು

ಚಪ್ಪರದವರೆಯನ್ನು ಪಲ್ಯಕ್ಕೆ ಇಡೀ ಕಾಯಿ ತಿನ್ನುವುದರಿಂದ ಕಾಳು ಉಬ್ಬುವ ಮೊದಲೇ, ಬಗ್ಗಿಸಿದರೆ ಟಕ್ಕನೆ ಮುರಿಯುವಾಗ ಕೊಯ್ಯಿರಿ. ಎರಡು ದಿನಕ್ಕೊಮ್ಮೆ ಕೊಯ್ದಷ್ಟೂ ಮತ್ತೆ ಬರುತ್ತದೆ. ಕಾಳಿನ ಅವರೆಗೆ ಕಾಯಿ ತುಂಬಿ ಉಬ್ಬಿರಬೇಕು, ಸಿಪ್ಪೆ ಇನ್ನೂ ಹಸಿರಿರಬೇಕು. ಹಳದಿ ತಿರುಗಿದರೆ ಕಾಳು ಗಟ್ಟಿ.

ಸೊಗಡಿನ ವಿಷಯಕ್ಕೆ ಜಗಳವೇ ಇದೆ. ಡಿಸೆಂಬರ್-ಜನವರಿಯ ಇಬ್ಬನಿ ಬಿದ್ದ ನಾಟಿ ಅವರೆಕಾಯಿಯ ಸಿಪ್ಪೆ ಕೈಗೆ ಜಿಡ್ಡಾಗಿ ಅಂಟುತ್ತದೆ, ಸುಲಿದ ಬೆರಳಲ್ಲಿ ಸಂಜೆಯವರೆಗೂ ವಾಸನೆ ಇರುತ್ತದೆ. ಬೆಂಗಳೂರಿನ ಅವರೆ ಮೇಳಕ್ಕೆ ಜನ ನುಗ್ಗುವುದು ಆ ಘಮಕ್ಕೇ. ಗಿಡ್ಡ ತಳಿಗಳಲ್ಲಿ ಎಚ್‌ಎ-4 ಈ ವಿಷಯದಲ್ಲಿ ಎಚ್‌ಎ-3ಕ್ಕಿಂತ ವಾಸಿ. ಆದರೆ ಏಪ್ರಿಲ್‌ನಲ್ಲಿ ಕೊಯ್ದ ಅವರೆಯಲ್ಲಿ ಜನವರಿಯ ಸೊಗಡು ಹುಡುಕಬೇಡಿ. ಜಾಗ ಇರುವವರು ಎರಡನ್ನೂ ಹಾಕಿ ಅನ್ನುವುದು ನನ್ನ ಸಲಹೆ: ವರ್ಷವಿಡೀ ಸಾರಿಗೆ ಗಿಡ್ಡ ತಳಿ, ಚಳಿಗಾಲದ ಹಿದಕಿದ ಬೇಳೆಗೆ ನಾಟಿ.

ಒಣ ಕಾಳನ್ನು ಹಸಿಯಾಗಿ ತಿನ್ನುವುದು ಬೇಡ. ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ತಿನ್ನಿ.

ಇಂಗ್ಲೆಂಡಿನಲ್ಲಿರುವವರಿಗೆ

ಊರಿನಿಂದ ಅವರೆ ಬೀಜ ತರಿಸಿ ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ಹಿತ್ತಲಲ್ಲಿ ಹಾಕುವ ಕನ್ನಡಿಗರು ಇದ್ದಾರೆ. ನಾಟಿ ಬೀಜವಾದರೆ ಅಲ್ಲಿ ನಿರಾಸೆ ಖಂಡಿತ. ಜೂನ್‌ನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆ. ಅದು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಬಳ್ಳಿ ಮೊಗ್ಗು ಬಿಡುವ ಹೊತ್ತಿಗೆ ಚಳಿ ಶುರುವಾಗಿ ಹಿಮ ಬಿದ್ದು ಸುಟ್ಟುಹೋಗುತ್ತದೆ. ಅಲ್ಲಿನ ನರ್ಸರಿಗಳಲ್ಲಿ ನೇರಳೆ ಹೂ, ನೇರಳೆ ಕಾಯಿಯ ಅವರೆಯನ್ನು ಅಲಂಕಾರದ ಬಳ್ಳಿ ಅಂತ ಮಾರುತ್ತಾರೆ, ತಮಾಷೆ ಅಲ್ವಾ? ತಿನ್ನಲು ಬೇಕಾದರೆ ಗಿಡ್ಡ ತಳಿಯ ಬೀಜವನ್ನು ಏಪ್ರಿಲ್ ಕೊನೆಗೆ ಮನೆಯೊಳಗಿನ ಬೆಚ್ಚಗಿನ ಕಿಟಕಿಯಲ್ಲಿ ಹಾಕಿ, ಜೂನ್ ಮೊದಲಲ್ಲಿ ಗಾಜಿನ ಮನೆಗೋ ಬಿಸಿಲಿನ ಗೋಡೆ ಬದಿಗೋ ನೆಡಿ.

ಅಲ್ಲಿನ ಮಣ್ಣಿಗೆ, ಹವೆಗೆ ಹೇಳಿ ಮಾಡಿಸಿದ್ದು ರನ್ನರ್ ಬೀನ್ಸ್. ಕೆಂಪು ಹೂವಿನ ಎತ್ತರದ ಬಳ್ಳಿ, ಇಡೀ ಕಾಯಿ ಪಲ್ಯಕ್ಕೆ. ಏಪ್ರಿಲ್ ಮಧ್ಯದಿಂದ ಮೇ ತನಕ ಮನೆಯೊಳಗೆ ಕುಂಡದಲ್ಲಿ ಬಿತ್ತಬಹುದು. ಹೊರಗೆ ನೇರವಾಗಿ ಬಿತ್ತಲು ಮಣ್ಣು 12 ಡಿಗ್ರಿಯಷ್ಟು ಬೆಚ್ಚಗಾಗಬೇಕು, ಅಂದರೆ ಮೇ ಮಧ್ಯ. ಸಸಿ ಹೊರಗೆ ನೆಡುವುದು ಕೊನೆಯ ಹಿಮ ಕಳೆದ ಮೇಲೆ: ದಕ್ಷಿಣದಲ್ಲಿ ಮೇ ಕೊನೆ, ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ಜೂನ್. ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಅಭ್ಯಾಸ ಮಾಡಿಸಿ. ಜುಲೈನಿಂದ ಅಕ್ಟೋಬರ್‌ವರೆಗೆ ಕಾಯಿ. ಆ ಬೀಜವನ್ನು ಊರಿಗೆ ತಂದು ಬೆಂಗಳೂರಿನ ಬೇಸಿಗೆಯಲ್ಲಿ ಹಾಕಿದರೆ ಹೂ ಚೆಂದ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಅದಕ್ಕೆ ಬಿಸಿ ರಾತ್ರಿ ಆಗದು.

ಮುಂದಿನ ವರ್ಷಕ್ಕೆ ಬೀಜ

ಜನವರಿಯಲ್ಲಿ ಬೀಜಕ್ಕೆ ಬಿಡುವ ಬಳ್ಳಿಯನ್ನು ಮೊದಲೇ ಗುರುತು ಮಾಡಿ, ದಾರ ಕಟ್ಟಿ. ಕೊಯ್ದು ಉಳಿದ ಕೊನೆಯ ಬಡಕಲು ಕಾಯಿಗಳನ್ನೇ ಬೀಜಕ್ಕೆ ಬಿಡುವುದು ಎಲ್ಲರ ಅಭ್ಯಾಸ, ಅದು ಒಳ್ಳೆಯದಲ್ಲ. ರೋಗವಿಲ್ಲದ, ಗೊನೆ ತುಂಬ ಕಾಯಿ ಕಟ್ಟಿದ ಬಳ್ಳಿಯ ಮೊದಲ ಗೊನೆಗಳನ್ನು ಮುಟ್ಟದೆ ಬಳ್ಳಿಯಲ್ಲೇ ಒಣಗಲು ಬಿಡಿ. ಅಲ್ಲಾಡಿಸಿದರೆ ಕಾಳು ಗಲಗಲ ಅನ್ನಬೇಕು. ಸುಲಿದು ಎರಡು-ಮೂರು ದಿನ ಬಿಸಿಲಿಗೆ ಹಾಕಿ. ಹಲ್ಲಲ್ಲಿ ಕಚ್ಚಿದರೆ ಕಟಕ್ಕನೆ ಒಡೆಯಬೇಕು, ಹಲ್ಲಿನ ಗುರುತು ಬೀಳಬಾರದು.

ಕಾಳು ಕೊರೆಯುವ ಹುಳು ಡಬ್ಬದಲ್ಲಿ ಹುಟ್ಟುವುದಲ್ಲ, ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಪೂರ್ತಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬದಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಅದರ ಕಾಟ ತಪ್ಪುತ್ತದೆ. ಹೊರಗೆ ತೆಗೆದ ಮೇಲೆ ಡಬ್ಬ ರೂಮಿನ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕೂರುತ್ತದೆ. ಫ್ರೀಜರ್ ಇಲ್ಲದಿದ್ದರೆ ಹಳೆಯ ದಾರಿ ಇದೆ: ಕಿಲೋ ಬೀಜಕ್ಕೆ ಒಂದು ಚಮಚ ಹರಳೆಣ್ಣೆ ಸವರಿ, ಒಣ ಬೂದಿ ಬೆರೆಸಿ ಮುಚ್ಚಿಡಿ.

ಡಬ್ಬದ ಮೇಲೆ ಮೂರು ವಿಷಯ ಬರೆದು ಅಂಟಿಸಿ: ಬೀಜ ಯಾರಿಂದ ಬಂತು, ಯಾವ ತಿಂಗಳು ಬಿತ್ತಿದಿರಿ, ಮೊದಲ ಹೂ ಯಾವ ತಿಂಗಳು ಕಂಡಿತು. ಎರಡು ವರ್ಷದೊಳಗೆ ಆ ಬೀಜ ಬಳಸಿ ಮುಗಿಸಿ.